ಹೈಬ್ರಿಡ್ ಬ್ಯಾಟರಿ: ಪೆಟ್ಟಿಗೆ ಹೊಸದಾದರೆ ಸಾಲದು

ಪ್ರಶ್ನೆ: ನನ್ನದು 2014ರ ಟೊಯೊಟಾ ಕ್ಯಾಮ್ರಿ ಹೈಬ್ರಿಡ್. ಹೊಸದಾಗಿ ಕೊಂಡದ್ದು, ಈಗ 1,38,000 ಕಿ.ಮೀ. ಓಡಿದೆ. ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಎರಡೂವರೆ ತಿಂಗಳು ಅಮೆರಿಕದಲ್ಲಿದ್ದೆವು. ಕಾರು ಮೈಸೂರಿನ ಮನೆಯ ಶೆಡ್ಡಿನಲ್ಲಿ ನಿಂತೇ ಇತ್ತು. ಬಂದ ಮೇಲೆ ಜಂಪ್ ಕೊಟ್ಟು ಚಾಲೂ ಮಾಡಿಸಿದೆವು. ಎರಡನೆಯ ದಿನವೇ ಹೈಬ್ರಿಡ್ ವ್ಯವಸ್ಥೆಯನ್ನು ಪರೀಕ್ಷಿಸಿ ಎಂಬ ಎಚ್ಚರಿಕೆ ಬಂತು. ಸ್ಕ್ಯಾನರ್ ಹಚ್ಚಿದಾಗ ಪಿ0ಎ80 ಎಂಬ ಕೋಡ್ ಸಿಕ್ಕಿತು. ಸರ್ವಿಸ್ ಸೆಂಟರಿನವರು ಪೂರ್ತಿ ಬ್ಯಾಟರಿ ಬದಲಿಸಿ ಎನ್ನುತ್ತಾರೆ. ಒಬ್ಬ ಗ್ಯಾರೇಜಿನವರು ಕೆಟ್ಟ ನಾಲ್ಕು ಮಾಡ್ಯೂಲ್‌ಗಳನ್ನಷ್ಟೇ ಬದಲಿಸಿ, ಹೊಸದರ ಕಾಲುಭಾಗದ ಬೆಲೆಗೆ, ಆರು ತಿಂಗಳ ವಾರಂಟಿಯೊಂದಿಗೆ ಕೊಡುತ್ತೇವೆ ಎನ್ನುತ್ತಾರೆ. ಇನ್ನೊಬ್ಬರು ಲಿಥಿಯಂ ಹಾಕಿಸಿದರೆ ಮೈಲೇಜೂ ಹೆಚ್ಚುತ್ತದೆ ಎಂದು ಹೇಳಿದ್ದಾರೆ. ಇನ್ನೂ ನಾಲ್ಕೈದು ವರ್ಷ ಈ ಕಾರನ್ನೇ ಇಟ್ಟುಕೊಳ್ಳುವ ಆಸೆ. ಯಾವುದನ್ನು ಆರಿಸಲಿ?

ಉತ್ತರ: ಸದ್ಯಕ್ಕೆ ಮೂರನ್ನೂ ಆರಿಸಬೇಡಿ. ನಿಮ್ಮ ಬ್ಯಾಟರಿ ಕೆಟ್ಟಿದೆ ಎಂದು ಮೂವರೂ ಹೇಳಿದ್ದಾರೆಯೇ ಹೊರತು ಒಬ್ಬರೂ ಅದನ್ನು ನಿಮಗೆ ತೋರಿಸಿಕೊಟ್ಟಿಲ್ಲ. ಪಿ0ಎ80 ಎಂಬುದಕ್ಕೆ ಕೋಡುಗಳ ಪಟ್ಟಿಯಲ್ಲಿರುವ ಅರ್ಥವೇ ‘ಹೈಬ್ರಿಡ್ ಬ್ಯಾಟರಿ ಪ್ಯಾಕ್ ಬದಲಿಸಿ’ ಎಂದು. ಹಾಗಾಗಿ ಅದನ್ನು ಓದಿದವರು ಮುಂದೆ ಯೋಚಿಸುವ ಗೋಜಿಗೆ ಹೋಗದೆ ಅಂದಾಜು ಪಟ್ಟಿ ಬರೆದುಬಿಡುತ್ತಾರೆ. ಆ ಕೋಡ್ ಹೇಗೆ ಹುಟ್ಟುತ್ತದೆ ಎಂದು ತಿಳಿದರೆ ನಿಮ್ಮ ಅರ್ಧ ಗೊಂದಲ ಕಳೆಯುತ್ತದೆ.

ನಿಮ್ಮ ಕಾರಿನ ಹಿಂಬದಿಯ ಸೀಟಿನ ಬೆನ್ನಿಗೆ, ಡಿಕ್ಕಿಯ ಒಳಮೈಗೆ ಅಂಟಿಕೊಂಡಂತೆ ಇರುವ ಹೈಬ್ರಿಡ್ ಬ್ಯಾಟರಿಯ ಪೆಟ್ಟಿಗೆಯಲ್ಲಿ 34 ಮಾಡ್ಯೂಲ್‌ಗಳಿವೆ. ಒಂದೊಂದೂ ಹೆಚ್ಚುಕಡಿಮೆ ಒಂದು ಕಿಲೋ ತೂಗುವ, ದಪ್ಪ ಪುಸ್ತಕದಂತಹ ಪ್ಲಾಸ್ಟಿಕ್ ಪಟ್ಟಿ. ಪ್ರತಿ ಮಾಡ್ಯೂಲಿನಲ್ಲಿ 1.2 ವೋಲ್ಟಿನ ಆರು ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳು. ಎಲ್ಲವೂ ಒಂದರ ಬಾಲಕ್ಕೊಂದು ಜೋಡಣೆಯಾಗಿ ಒಟ್ಟು 244.8 ವೋಲ್ಟ್ ಆಗುತ್ತದೆ. ಕಾರಿನ ಕಂಪ್ಯೂಟರ್ ಇವನ್ನು ಎರಡೆರಡಾಗಿ ಹಿಡಿದು 17 ಬ್ಲಾಕ್‌ಗಳೆಂದು ಎಣಿಸುತ್ತದೆ ಮತ್ತು 17ರ ವೋಲ್ಟೇಜನ್ನೂ ಸದಾ ಒಂದಕ್ಕೊಂದು ಹೋಲಿಸುತ್ತಿರುತ್ತದೆ. ಯಾವುದೋ ಒಂದು ಬ್ಲಾಕ್ ಉಳಿದವುಗಳಿಗಿಂತ ತೀರಾ ಹಿಂದೆ ಬಿದ್ದಿತೆಂದರೆ ಪಿ0ಎ80 ಬರುತ್ತದೆ. ಅಂದರೆ ‘ಇವರಲ್ಲಿ ಒಬ್ಬರು ಜೊತೆಗೆ ನಡೆಯುತ್ತಿಲ್ಲ’ ಎಂದಷ್ಟೇ ಅದರ ದೂರು. ಆ ಒಬ್ಬರು ಸತ್ತಿರಬಹುದು, ಸುಸ್ತಾಗಿರಬಹುದು. ಅಥವಾ ವೋಲ್ಟೇಜ್ ಅಳೆಯುವ ತಂತಿಯೇ ಸುಳ್ಳು ಹೇಳುತ್ತಿರಬಹುದು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ಎರಡೂವರೆ ತಿಂಗಳ ಮೇಲೆ. ನಿಕಲ್ ಸೆಲ್‌ಗಳು ಸುಮ್ಮನೆ ಕುಳಿತಾಗಲೂ ತುಂಬಿಕೊಂಡ ಕರೆಂಟನ್ನು ಸೋರಿಸಿಕೊಳ್ಳುತ್ತವೆ, ಎಲ್ಲವೂ ಒಂದೇ ವೇಗದಲ್ಲಿ ಸೋರುವುದಿಲ್ಲ. ಓಡುವ ಕಾರಿನಲ್ಲಿ ಆ ಅಂತರ ದಿನವೂ ಸರಿಹೋಗುತ್ತಿರುತ್ತದೆ. ವಾರಗಟ್ಟಲೆ ನಿಂತ ಕಾರಿನಲ್ಲಿ ಅದು ಬೆಳೆಯುತ್ತಲೇ ಹೋಗುತ್ತದೆ. ಸ್ವಲ್ಪ ದುರ್ಬಲವಾಗಿದ್ದ ಬ್ಲಾಕ್ ಈ ಬಿಡುವಿನಲ್ಲಿ ಪೂರ್ತಿ ಸೊರಗಿ ನಿಮಗೆ ಎಚ್ಚರಿಕೆಯಾಗಿ ಕಂಡಿರಬಹುದು. ಕೆಲವು ಕಾರುಗಳಲ್ಲಿ ಕೆಲವು ದಿನಗಳ ಓಡಾಟದ ನಂತರ ಅಂತರ ಕಿರಿದಾಗುತ್ತದೆ. ನಿಮ್ಮದರಲ್ಲೂ ಹಾಗೇ ಆಗುತ್ತದೆ ಎಂದು ಆಸೆ ಹುಟ್ಟಿಸಲಾರೆ, ಏಕೆಂದರೆ ಈ ಬ್ಯಾಟರಿಗೆ ವಯಸ್ಸಾಗಿದೆ. ಆದರೆ ನೋಡದೆ ಬಿಡುವುದು ತಪ್ಪು.

ಇನ್ನೊಂದು, ನೀವು ಜಂಪ್ ಕೊಟ್ಟದ್ದು ದೊಡ್ಡ ಬ್ಯಾಟರಿಗಲ್ಲ, ಡಿಕ್ಕಿಯಲ್ಲೇ ಇರುವ 12 ವೋಲ್ಟಿನ ಸಣ್ಣ ಬ್ಯಾಟರಿಗೆ. ಕಂಪ್ಯೂಟರುಗಳಿಗೆಲ್ಲ ಜೀವ ಕೊಡುವುದು ಅದು. ಒಮ್ಮೆ ಪೂರ್ತಿ ಬರಿದಾದ ಸೀಸದ ಬ್ಯಾಟರಿ ಮತ್ತೆ ಮೊದಲಿನಂತಾಗುವುದು ಅಪರೂಪ. ಅದು ಬಳಲಿರುವಾಗ ಉಳಿದ ಯಾವ ಅಳತೆಯನ್ನೂ ನಾನು ನಂಬುವುದಿಲ್ಲ. ಮೊದಲು ಅದನ್ನು ಪರೀಕ್ಷಿಸಿ, ಸಂಶಯವಿದ್ದರೆ ಬದಲಿಸಿ. ಬದಲಿಸುವಾಗ ಮಾಮೂಲಿ ಕಾರಿನ ಬ್ಯಾಟರಿಯನ್ನು ತುರುಕಲು ಬಿಡಬೇಡಿ. ಡಿಕ್ಕಿಯ ಗಾಳಿ ನೀವು ಕುಳಿತುಕೊಳ್ಳುವ ಜಾಗದ ಗಾಳಿಯೇ. ಆದ್ದರಿಂದ ಅಲ್ಲಿಗೆ ಅನಿಲವನ್ನು ಕೊಳವೆಯ ಮೂಲಕ ಹೊರಗೆ ಬಿಡುವ ಎಜಿಎಂ ಮಾದರಿಯದೇ (ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಟ್ಟ ಬ್ಯಾಟರಿ) ಬೇಕು, ಕೊಳವೆಯನ್ನು ಮರೆಯದೆ ಜೋಡಿಸಿರಬೇಕು.

ಇದಾದ ಮೇಲೆ 17 ಬ್ಲಾಕ್‌ಗಳ ವೋಲ್ಟೇಜನ್ನು ಒಂದೇ ಪರದೆಯಲ್ಲಿ ತೋರಿಸುವ ಸ್ಕ್ಯಾನರ್ ಇರುವವರ ಬಳಿಗೆ ಹೋಗಿ. ಕೋಡ್ ಮಾತ್ರ ಓದುವ ಅಗ್ಗದ ಸ್ಕ್ಯಾನರ್ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಪಕ್ಕದಲ್ಲೇ ಕುಳಿತು ನೋಡಿ, ಸಾಧ್ಯವಾದರೆ ಪರದೆಯ ಚಿತ್ರ ತೆಗೆದುಕೊಳ್ಳಿ. ಕಾರು ನಿಂತಿರುವಾಗಿನ ಅಂಕಿಗಳಲ್ಲಿ ಹುರುಳಿಲ್ಲ. ಹೊರೆ ಬಿದ್ದಾಗಲೇ ಬಣ್ಣ ಬಯಲಾಗುವುದು. ನೀವು ಮೈಸೂರಿನವರು, ಚಾಮುಂಡಿ ಬೆಟ್ಟಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನಾವುದಿದೆ? ಹತ್ತುವಾಗ ಬ್ಯಾಟರಿ ಕರೆಂಟು ಕೊಡುತ್ತದೆ, ಇಳಿಯುವಾಗ ತುಂಬಿಕೊಳ್ಳುತ್ತದೆ. ಒಳ್ಳೆಯ ಪ್ಯಾಕಿನಲ್ಲಿ 17 ಅಂಕಿಗಳೂ ಒಟ್ಟಿಗೆ ಇಳಿದು ಒಟ್ಟಿಗೆ ಏರುತ್ತವೆ. ಒಂದೇ ಬ್ಲಾಕ್ ಹತ್ತುವಾಗ ಎಲ್ಲರಿಗಿಂತ ಕೆಳಗೆ ಕುಸಿದು, ಇಳಿಯುವಾಗ ಎಲ್ಲರಿಗಿಂತ ಮೇಲಕ್ಕೆ ನೆಗೆದರೆ ಅದರ ಶಕ್ತಿ ಬತ್ತಿದೆ ಎಂದರ್ಥ: ಸಣ್ಣ ಲೋಟ ಬೇಗ ಬರಿದಾಗುತ್ತದೆ, ಬೇಗ ತುಂಬುತ್ತದೆ. ಯಾವಾಗ ನೋಡಿದರೂ ಒಂದು ಬ್ಲಾಕ್ ಮಾತ್ರ ಸುಮಾರು 1.2 ವೋಲ್ಟಿನಷ್ಟು ಕಡಿಮೆಯೇ ಇದ್ದರೆ ಅದರೊಳಗೆ ಒಂದು ಸೆಲ್ ಪೂರ್ತಿ ಹೋಗಿದೆ. ಇನ್ನು ಅಂಕಿಗಳು ಹಳ್ಳ ದಿಣ್ಣೆ ಬಂದಾಗ ಬೆದರಿದಂತೆ ಮೇಲೆ ಕೆಳಗೆ ಹಾರಿದರೆ ನಾನು ಸೆಲ್‌ಗಳಿಗಿಂತ ಮೊದಲು ತಂತಿಗಳನ್ನು ಅನುಮಾನಿಸುತ್ತೇನೆ.

ಆ ತಂತಿಗಳ ವಿಷಯ ಸ್ವಲ್ಪ ಹೇಳಬೇಕು. ಮಾಡ್ಯೂಲಿನಿಂದ ಮಾಡ್ಯೂಲಿಗೆ ಕರೆಂಟು ದಾಟಿಸುವುದು ಬೆರಳಗಲದ ತಾಮ್ರದ ಪಟ್ಟಿಗಳು, ಬಸ್ ಬಾರ್ ಎನ್ನುತ್ತಾರೆ. ಅವುಗಳ ಮೇಲೇ ವೋಲ್ಟೇಜ್ ಅಳೆಯುವ ಎಳೆತಂತಿಗಳು ಕೂತಿರುತ್ತವೆ. ಕೆಲವು ವರ್ಷಗಳ ಹಿಂದೆ ಕರಾವಳಿಯಿಂದ ನನ್ನಲ್ಲಿಗೆ ಬಂದ ಒಂದು ಕ್ಯಾಮ್ರಿಯ ಪ್ಯಾಕ್ ಬಿಚ್ಚಿದಾಗ ಒಂದು ಬದಿಯ ಪಟ್ಟಿಗಳ ಮೇಲೆ, ಹುಳಿ ತಾಗಿದ ತಾಮ್ರದ ಚೊಂಬಿನಲ್ಲಿ ಕಾಣುವಂತಹ ಹಸಿರು ಕಿಲುಬು ಹಬ್ಬಿತ್ತು. ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರುತ್ತಿತ್ತು. ಮಾಡ್ಯೂಲ್‌ಗಳನ್ನು ಒಂದೊಂದಾಗಿ ಅಳೆದರೆ ಎಲ್ಲವೂ ಚೆನ್ನಾಗಿದ್ದವು. ಪಟ್ಟಿಗಳನ್ನೂ ಅಳತೆಯ ತಂತಿಯನ್ನೂ ಹೊಸದಾಗಿ ಹಾಕಿದ ಮೇಲೆ ಕೋಡ್ ಮರಳಲಿಲ್ಲ. ಆ ಮಾಲೀಕರಿಗೂ ಅದಕ್ಕೆ ಮೊದಲು ಪೂರ್ತಿ ಬ್ಯಾಟರಿ ಬದಲಿಸಲು ಹೇಳಲಾಗಿತ್ತು. ಎಲ್ಲರಿಗೂ ಈ ಅದೃಷ್ಟ ಇರುವುದಿಲ್ಲ, ಆದರೆ ಬಿಚ್ಚಿ ನೋಡುವ ಕೂಲಿಯನ್ನು ಉಳಿಸಲು ಹೋಗಿ ಬ್ಯಾಟರಿಯ ಬೆಲೆ ತೆರುವುದು ಸರಿಯಲ್ಲ.

ಬಿಚ್ಚಿದಾಗ ತಂಪುಗಾಳಿಯ ಫ್ಯಾನನ್ನೂ ನೋಡಿಸಿ. ಈ ಬ್ಯಾಟರಿ ಉಸಿರಾಡುವುದು ಕಾರಿನೊಳಗಿನ ಗಾಳಿಯನ್ನು, ಹಿಂದಿನ ಸೀಟಿನ ಬಳಿಯ ಕಿಂಡಿಯ ಮೂಲಕ. ಅಲ್ಲಿ ಶಾಲು, ದಿಂಬು, ಮಗುವಿನ ಚೀಲ ಅಡ್ಡ ಇಟ್ಟಿರುತ್ತೇವೆ, ಸೀಟಿನ ಧೂಳೆಲ್ಲ ಅದರೊಳಗೇ ಹೋಗುತ್ತದೆ. ನಾನು ಕಂಡ ಫ್ಯಾನುಗಳಲ್ಲಿ ಕೆಲವಕ್ಕೆ ರೆಕ್ಕೆಗಳ ನಡುವೆ ಬೆರಳು ತೂರದಷ್ಟು ಧೂಳು ಕಂಬಳಿಯಂತೆ ಗಟ್ಟಿಯಾಗಿತ್ತು. ನಿಕಲ್ ಬ್ಯಾಟರಿಯ ದೊಡ್ಡ ಶತ್ರು ಬಿಸಿಯೇ. ಸಾಲಿನ ನಡುವೆ ಇರುವ ಮಾಡ್ಯೂಲ್‌ಗಳಿಗೆ ಗಾಳಿ ಕಡಿಮೆ, ಸೆಕೆ ಹೆಚ್ಚು. ಅವೇ ಸಾಮಾನ್ಯವಾಗಿ ಮೊದಲು ಸೋಲುವುದು. ಕಟ್ಟಿಕೊಂಡ ಫ್ಯಾನನ್ನು ಹಾಗೇ ಬಿಟ್ಟು ಹೊಸ ಬ್ಯಾಟರಿ ಕೂರಿಸಿದರೆ ಹಳೆಯದರ ಗತಿಯೇ ಹೊಸದಕ್ಕೂ.

ಇಷ್ಟೆಲ್ಲ ನೋಡಿದ ಮೇಲೂ ಮಾಡ್ಯೂಲ್‌ಗಳೇ ಸೋತಿವೆ ಎಂದು ತಿಳಿದರೆ, ಆಗ ನಿಮ್ಮ ಪ್ರಶ್ನೆಗೆ ಬರೋಣ. ಕಾರನ್ನು ಹಾಗೇ ಓಡಿಸಿಕೊಂಡಿರುವ ದಾರಿ ಇಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಈ ಕಾರಿನಲ್ಲಿ ಪ್ರತ್ಯೇಕ ಸ್ಟಾರ್ಟರ್ ಮೋಟಾರ್ ಇಲ್ಲ. ಎಂಜಿನ್ ತಿರುಗಿಸುವುದೂ ದೊಡ್ಡ ಬ್ಯಾಟರಿಯ ಶಕ್ತಿಯಿಂದ ನಡೆಯುವ ಮೋಟಾರೇ. ಅದು ಕೈಕೊಟ್ಟ ದಿನ ಟ್ಯಾಂಕ್ ತುಂಬ ಪೆಟ್ರೋಲ್ ಇದ್ದರೂ ಕಾರು ಕದಲುವುದಿಲ್ಲ.

ಬ್ಯಾಟರಿ ಆರಿಸುವವರು ಬೆಲೆ, ವಾರಂಟಿ, ಬ್ರ್ಯಾಂಡ್ ಎಂದು ಮೂರು ಕಡೆ ನೋಡುತ್ತಾರೆ. ನಾನು ಮೊದಲು ಕೇಳುವುದು ಒಂದೇ: ಒಳಗಿನ ಸೆಲ್‌ಗಳು ಹುಟ್ಟಿದ್ದು ಯಾವಾಗ, ಮತ್ತು ಎಲ್ಲವೂ ಒಟ್ಟಿಗೆ ಹುಟ್ಟಿದವೇ? ನೀವು ಕೊಳ್ಳುತ್ತಿರುವುದು ಪೆಟ್ಟಿಗೆಯನ್ನಲ್ಲ, ಒಂದೇ ಹೆಜ್ಜೆಯಲ್ಲಿ ನಡೆಯಬೇಕಾದ 34 ಮಾಡ್ಯೂಲ್‌ಗಳನ್ನು. ಸರಣಿಯಲ್ಲಿ ಕಟ್ಟಿದ ಬ್ಯಾಟರಿಯಲ್ಲಿ ಎಲ್ಲರ ಮೂಲಕವೂ ಅದೇ ಕರೆಂಟು ಹರಿಯುತ್ತದೆ. ಎಳೆಯ ಹೋರಿಯನ್ನೂ ಮುದಿ ಎತ್ತನ್ನೂ ಒಂದೇ ನೊಗಕ್ಕೆ ಹೂಡಿದರೆ ಗಾಡಿ ಮುದಿ ಎತ್ತಿನ ವೇಗದಲ್ಲೇ ಹೋಗುತ್ತದೆ, ಮೇಲಾಗಿ ಮುದಿ ಎತ್ತು ಬೇಗ ನೆಲಕ್ಕೆ ಬೀಳುತ್ತದೆ.

ನಾಲ್ಕು ಮಾಡ್ಯೂಲ್ ಬದಲಿಸುವ ಮಾತಿಗೆ ಇದೇ ಉತ್ತರ. ನಿಮ್ಮ 34ರಲ್ಲಿ ನಾಲ್ಕು ಇಂದು ಸೋತಿದ್ದರೆ ಉಳಿದ 30 ಕೂಡ ಅದೇ ಬಿಸಿಲು, ಅದೇ ವರ್ಷಗಳನ್ನು ಕಂಡವು. ಹಳೆಯ ಹೆಂಚಿನ ಮನೆಯಲ್ಲಿ ಸೋರುವ ಕಡೆ ಹೆಂಚು ಬದಲಿಸಿದರೆ ಮುಂದಿನ ಮಳೆಗೆ ಪಕ್ಕದ ಹೆಂಚು ಸೋರುತ್ತದೆ. ಬೇರೊಂದು ಕಡೆ ಮೂರು ಮಾಡ್ಯೂಲ್ ಹಾಕಿಸಿಕೊಂಡ ಒಬ್ಬರು ಐದು ತಿಂಗಳಿಗೆ ನನ್ನಲ್ಲಿಗೆ ಬಂದಿದ್ದರು. ಹೊಸದಾಗಿ ಸೋತದ್ದು ಬದಲಿಸಿದ ಮೂರರ ನೆರೆಯಲ್ಲೇ ಇದ್ದ ಇನ್ನೆರಡು. ಅವರ ಮುಖ ನನಗೆ ಇನ್ನೂ ನೆನಪಿದೆ, ಏಕೆಂದರೆ ಮೊದಲ ಸಲಕ್ಕೆಂದೇ ಅವರು ಸಾಲ ಮಾಡಿದ್ದರು.

ಲೆಕ್ಕ ಹಾಕಿ ನೋಡಿ. ಹೊಸ ಪ್ಯಾಕಿಗೆ 100 ರೂಪಾಯಿ ಎಂದುಕೊಳ್ಳೋಣ, ಅದಕ್ಕೆ ಎರಡೇ ವರ್ಷದ ವಾರಂಟಿ ಕೊಟ್ಟರು ಎಂದುಕೊಳ್ಳೋಣ. ನಿಮ್ಮ ಗ್ಯಾರೇಜಿನವರದು 25 ರೂಪಾಯಿ, ಆರು ತಿಂಗಳು. ವಾರಂಟಿಯ ತಿಂಗಳುಗಳಿಗೆ ಭಾಗಿಸಿದರೆ ಎರಡೂ ತಿಂಗಳಿಗೆ ನಾಲ್ಕು ರೂಪಾಯಿ ಚಿಲ್ಲರೆಯೇ. ಕಾಲುಭಾಗದ ಬೆಲೆ ಅಗ್ಗವೆಂದು ಕಂಡದ್ದು ಇಷ್ಟೇ. ವಾರಂಟಿ ಮುಗಿದ ಮೇಲೆ ಹೊಸ ಪ್ಯಾಕ್ ಎಷ್ಟು ವರ್ಷ ಓಡಬಹುದು ಎನ್ನುವುದಕ್ಕೆ ನಿಮ್ಮ ಮೂಲ ಬ್ಯಾಟರಿಯೇ ಸಾಕ್ಷಿ. ರಿಪೇರಿಯಾದ ಪ್ಯಾಕ್ ಏಳನೆಯ ತಿಂಗಳಲ್ಲಿ ಶಿರಾಡಿ ಘಾಟಿಯ ನಡುವೆ ನಿಂತರೆ ಟೋಯಿಂಗ್ ಖರ್ಚು, ಮತ್ತೆ ಬಿಚ್ಚುವ ಕೂಲಿ, ಎಲ್ಲ ನಿಮ್ಮ ತಲೆಯ ಮೇಲೆ.

ಹಾಗೆಂದು ರಿಪೇರಿ ಮಾಡುವವರೆಲ್ಲ ಮೋಸಗಾರರಲ್ಲ. ಶ್ರದ್ಧೆಯಿಂದ ಮಾಡುವವರು 34 ಮಾಡ್ಯೂಲ್‌ಗಳನ್ನೂ ಹೊರತೆಗೆದು, ಪ್ರತಿಯೊಂದನ್ನೂ ಹಲವು ಸುತ್ತು ತುಂಬಿ ಬರಿದುಮಾಡಿ, ಎಷ್ಟು ಹಿಡಿಯುತ್ತದೆ ಎಂದು ಅಳೆದು, ಹೊಂದುವವನ್ನಷ್ಟೇ ಸೇರಿಸುತ್ತಾರೆ. ಹೊಸದಿದ್ದಾಗ ಒಂದು ಮಾಡ್ಯೂಲಿನ ಸಾಮರ್ಥ್ಯ 6.5 ಆಂಪಿಯರ್ ಅವರ್, ಅಂದರೆ 6,500 ಮಿಲಿ ಆಂಪಿಯರ್ ಅವರ್. ಈ ಕೆಲಸಕ್ಕೆ ದಿನಗಳೇ ಹಿಡಿಯುತ್ತವೆ. ಮಾಡಿದವರ ಬಳಿ 34 ಅಂಕಿಗಳ ಒಂದು ಪಟ್ಟಿ ಇದ್ದೇ ಇರುತ್ತದೆ, ಅದನ್ನು ಕೇಳಿ. ಪಟ್ಟಿ ಕೊಟ್ಟರೆ ಅವರೊಂದಿಗೆ ಮಾತು ಮುಂದುವರಿಸಬಹುದು. ‘ಬೆಳಗ್ಗೆ ಬಿಡಿ, ಸಂಜೆ ತೆಗೆದುಕೊಂಡು ಹೋಗಿ’ ಎಂದರೆ ವೋಲ್ಟ್ ಮೀಟರ್ ಹಿಡಿದು ಸತ್ತವನ್ನು ಕಿತ್ತು ಬದುಕಿರುವಂತೆ ಕಾಣುವವನ್ನು ತುರುಕುತ್ತಾರೆ ಎಂದರ್ಥ. ಐದಾರು ತಿಂಗಳು ಕಾರು ಬೇಕೇ ಬೇಕು, ಕೈಯಲ್ಲಿ ಹಣವಿಲ್ಲ ಎನ್ನುವವರಿಗೆ ಒಳ್ಳೆಯ ರಿಪೇರಿ ಒಂದು ದಾರಿ. ನಾಲ್ಕೈದು ವರ್ಷ ಇಟ್ಟುಕೊಳ್ಳುವ ನಿಮಗಲ್ಲ. ಇಂತಹ ರಿಪೇರಿ ಮಾಡಿಸಿ ಮಾರುವವರಿದ್ದರೆ ಕೊಳ್ಳುವವರಿಗೆ ಹೇಳಿಯೇ ಮಾರಲಿ.

ಅಪಘಾತವಾದ ಕಾರಿನಿಂದ ತೆಗೆದ ಪೂರ್ತಿ ಪ್ಯಾಕ್ ಸಿಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ‘ಬರೀ 40,000 ಕಿ.ಮೀ. ಓಡಿದ್ದು’ ಎಂದು ಆಸೆ ತೋರಿಸುತ್ತಾರೆ. ಬ್ಯಾಟರಿಗೆ ಓಡಿದ್ದರಿಂದ ಮಾತ್ರವಲ್ಲ, ಕುಳಿತದ್ದರಿಂದಲೂ ವಯಸ್ಸಾಗುತ್ತದೆ. ಗೋದಾಮಿನಲ್ಲಿ ಒಂದೆರಡು ವರ್ಷ ಕುಳಿತ ಪ್ಯಾಕಿಗಿಂತ ದಿನವೂ ಓಡಿದ ಕಾರಿನ ಪ್ಯಾಕ್ ಮೇಲು.

ಲಿಥಿಯಂ ವಿಷಯಕ್ಕೆ ಬಂದರೆ, ನನಗೆ ಆ ತಂತ್ರಜ್ಞಾನದ ಮೇಲೆ ಯಾವ ತಕರಾರೂ ಇಲ್ಲ. ಹಗುರ, ಕಡಿಮೆ ಸೋರಿಕೆ, ಹೆಚ್ಚು ಶಕ್ತಿ. ಆದರೆ ನಿಮ್ಮ ಕಾರಿನ ಕಂಪ್ಯೂಟರ್ ಕಲಿತ ಪಾಠವೆಲ್ಲ ನಿಕಲ್ ಬ್ಯಾಟರಿಯದು. ಎಷ್ಟು ವೋಲ್ಟ್ ಇದ್ದರೆ ಎಷ್ಟು ತುಂಬಿದೆ, ಎಷ್ಟು ಬಿಸಿಯಾದರೆ ಎಷ್ಟು ಕರೆಂಟು ಬಿಡಬೇಕು ಎಂಬುದೆಲ್ಲ ಆ ಲೆಕ್ಕದಲ್ಲೇ ಇದೆ. ಬದಲಿ ಕಿಟ್‌ಗಳಲ್ಲಿ ಹೆಚ್ಚಾಗಿ ಬಳಸುವ ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ನ ವೋಲ್ಟೇಜ್ ಬಹುತೇಕ ಖಾಲಿಯಾಗುವವರೆಗೂ ಸಮತಟ್ಟಾಗಿರುತ್ತದೆ. ಹಾಗಾಗಿ ಕಂಪ್ಯೂಟರಿನ ಅಂದಾಜು ತಪ್ಪಬಹುದು. ಸ್ವಲ್ಪ ಹೆಚ್ಚು ತುಂಬಿದರೆ ನಿಕಲ್ ಸೆಲ್ ಅದನ್ನು ಬಿಸಿಯಾಗಿ ಹೊರಹಾಕಿ ತಾಳಿಕೊಳ್ಳುತ್ತದೆ. ಲಿಥಿಯಂ ಆ ತಪ್ಪನ್ನು ಕ್ಷಮಿಸುವುದಿಲ್ಲ, ಪ್ರತಿ ಸೆಲ್ಲನ್ನೂ ಕಾಯುವ ಪ್ರತ್ಯೇಕ ವ್ಯವಸ್ಥೆ ಅದಕ್ಕೆ ಬೇಕು. ಕಿಟ್ಟಿನಲ್ಲಿ ಆ ಕಾವಲು ಇದೆಯೇ, ಅದು ಕಾರಿನ ಕಂಪ್ಯೂಟರಿಗೆ ಏನು ಹೇಳುತ್ತದೆ, ನಾಳೆ ತೊಂದರೆಯಾದರೆ ಬಿಚ್ಚಿ ನೋಡಬಲ್ಲವರು ನಿಮ್ಮೂರಿನಲ್ಲಿ ಯಾರಿದ್ದಾರೆ, ಇವಕ್ಕೆ ಉತ್ತರ ಸಿಗದೆ ಮುಂದುವರಿಯಬೇಡಿ. ವಿಮಾ ಕಂಪನಿಗೂ ಮೊದಲೇ ಲಿಖಿತವಾಗಿ ಕೇಳಿ. ಮೈಲೇಜ್ ಹೆಚ್ಚುತ್ತದೆ ಎಂಬುದು ಅರ್ಧಸತ್ಯ. ಸಾಯುತ್ತಿರುವ ಬ್ಯಾಟರಿಯನ್ನು ತೆಗೆದು ಯಾವ ಒಳ್ಳೆಯ ಬ್ಯಾಟರಿ ಹಾಕಿದರೂ ಮೈಲೇಜ್ ಹೆಚ್ಚುತ್ತದೆ.

ಆದ್ದರಿಂದ ನಿಮ್ಮ ಜಾಗದಲ್ಲಿ ನಾನಿದ್ದರೆ ಮೂಲ ತಯಾರಕರ ಹೊಸ ನಿಕಲ್ ಪ್ಯಾಕನ್ನೇ ಹಾಕಿಸುತ್ತೇನೆ. 2013ರಿಂದ ಈ ಕ್ಯಾಮ್ರಿ ಹೈಬ್ರಿಡ್ ಜೋಡಣೆಯಾಗಿದ್ದು ನಿಮ್ಮ ಮನೆಯಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದ ಬಿಡದಿಯಲ್ಲಿ. ಈ ಕಾರನ್ನು ಬಲ್ಲ ಕೈಗಳು ನಮ್ಮ ರಾಜ್ಯದಲ್ಲೇ ಇವೆ. ಬೆಲೆ ಕೈಗೆಟುಕದಿದ್ದರೆ ಎರಡನೆಯ ಆಯ್ಕೆ, ಬೇರೆ ತಯಾರಕರ ಪೂರ್ತಿ ಹೊಸ ನಿಕಲ್ ಸೆಲ್‌ಗಳ ಪ್ಯಾಕ್. ಟಾರ್ಚಿನ ಸೆಲ್‌ನಂತೆ ದುಂಡಗಿನ ಸೆಲ್‌ಗಳನ್ನು ಮೂಲ ಮಾಡ್ಯೂಲಿನ ಆಕಾರದ ಕವಚದಲ್ಲಿ ಜೋಡಿಸಿರುತ್ತಾರೆ. ಒಳ್ಳೆಯವೂ ಇವೆ, ತೀರಾ ಕಳಪೆಯವೂ ಇವೆ. ಸೆಲ್ ತಯಾರಾದ ತಿಂಗಳು ಮತ್ತು ವರ್ಷ ಬಿಲ್ಲಿನಲ್ಲಿ ಇರಲಿ. ವಾರಂಟಿ ಬಿಡಿಭಾಗಕ್ಕಷ್ಟೇಯೋ ಬಿಚ್ಚಿ ಜೋಡಿಸುವ ಕೂಲಿಗೂ ಇದೆಯೋ ಎಂಬುದೂ ಕಾಗದದ ಮೇಲೆ ಬರಲಿ. ಯಾವುದೇ ಹೊಸ ಪ್ಯಾಕ್ ಆದರೂ ಅದರ ಪೆಟ್ಟಿಗೆಯ ಮೇಲಿನ ದಿನಾಂಕವನ್ನು ನೀವೇ ಓದಿ. ಹಣ ಕೊಡುವುದು ಆಮೇಲೆ.

ಇಲ್ಲಿ ಹೇಳಿದ್ದೆಲ್ಲ ಪೂರ್ಣ ಹೈಬ್ರಿಡ್ ಕಾರುಗಳಿಗೆ, ಅಂದರೆ ಸ್ವಲ್ಪ ದೂರ ಬ್ಯಾಟರಿಯ ಶಕ್ತಿಯೊಂದರಿಂದಲೇ ಓಡಬಲ್ಲವುಗಳಿಗೆ. ಸಿಯಾಜ್, ಎರ್ಟಿಗಾ ಮುಂತಾದವುಗಳ ಸ್ಮಾರ್ಟ್ ಹೈಬ್ರಿಡ್ ವ್ಯವಸ್ಥೆ ಬೇರೆಯೇ. ಅವುಗಳ ಮಾಲೀಕರು ಇದನ್ನು ಓದಿ ಗಾಬರಿಯಾಗಬೇಕಿಲ್ಲ.

ಜೋಡಿಸುವ ದಿನ ಎದುರಿಗಿರಿ, ಆದರೆ ನೀವಾಗಿಯೇ ಕೈ ಹಾಕಬೇಡಿ. ಕಿತ್ತಳೆ ಬಣ್ಣದ ತಂತಿಗಳಲ್ಲಿ ಇರುವುದು ಜೀವ ತೆಗೆಯಬಲ್ಲ ಡಿಸಿ ಕರೆಂಟು. ಮೆಕ್ಯಾನಿಕ್ ಮೊದಲು ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಕೀಳಬೇಕು, ಕಿತ್ತದ್ದನ್ನು ಯಾರೂ ಮತ್ತೆ ಹಾಕದಂತೆ ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು, ಹತ್ತು ನಿಮಿಷ ಕಾಯಬೇಕು, ಕೈಗೆ 1,000 ವೋಲ್ಟ್ ತಡೆಯುವ ರಬ್ಬರ್ ಗವಸು ಹಾಕಿರಬೇಕು. ಹೀಗೆ ಮಾಡದವರ ಕೈಯಲ್ಲಿ ಕಾರು ಕೊಡಬೇಡಿ, ಅವರ ಒಳ್ಳೆಯದಕ್ಕೂ ಸೇರಿಸಿಯೇ ಹೇಳುತ್ತಿದ್ದೇನೆ. ಬಸ್ ಬಾರ್‌ಗಳ ಸಣ್ಣ ನಟ್ಟುಗಳನ್ನು ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಸಡಿಲವಾದರೆ ಕಿಡಿ ಹಾರಿ ಸುಡುತ್ತದೆ, ಹೆಚ್ಚು ಬಿಗಿದರೆ ನಟ್ಟು ಕೂರುವ ಮಾಡ್ಯೂಲಿನ ತಿರುಪು ಮುರಿಯುತ್ತದೆ.

ಆಮೇಲಿನ ಆರೈಕೆ ದೊಡ್ಡದಲ್ಲ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ. ಬೇಸಿಗೆಯಲ್ಲಿ ನೆರಳು ನೋಡಿ ನಿಲ್ಲಿಸಿ. ಟ್ರಾಫಿಕ್‌ನಲ್ಲಿ ಗೇರನ್ನು ‘ಎನ್’ನಲ್ಲಿ ಇಡುವ ಅಭ್ಯಾಸವಿದ್ದರೆ ಬಿಟ್ಟುಬಿಡಿ, ಆಗ ಎಂಜಿನ್ ಓಡುತ್ತಿದ್ದರೂ ಬ್ಯಾಟರಿ ತುಂಬಿಕೊಳ್ಳುವುದಿಲ್ಲ. ಮುಂದಿನ ಸಲ ಮಗಳ ಮನೆಗೆ ಹೋಗುವಾಗ ನಂಬಿಕೆಯ ಒಬ್ಬರ ಕೈಗೆ ಕೀಲಿ ಕೊಟ್ಟು ಹೋಗಿ.

ಹಳೆಯ ಪ್ಯಾಕನ್ನು ಗುಜರಿಯವರಿಗೆ ಕೊಡಬೇಡಿ. ಅದರೊಳಗೆ ಚರ್ಮ ಸುಡುವ ಕ್ಷಾರವಿದೆ, ಮತ್ತೆ ಬಳಸಬಹುದಾದ ನಿಕಲ್ ಇದೆ, ಸತ್ತಂತೆ ಕಂಡರೂ ಕರೆಂಟು ಉಳಿದಿರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆ ತಯಾರಕರದು. ಹೊಸದನ್ನು ಹಾಕುವವರು ಹಳೆಯದನ್ನು ವಾಪಸ್ ಪಡೆದದ್ದಕ್ಕೆ ಒಂದು ರಸೀದಿ ಬರೆಸಿಕೊಳ್ಳಿ. ಬಿಲ್ ಚರ್ಚಿಸುವಾಗಲೇ ಹಳೆಯದಕ್ಕೆ ಎಷ್ಟು ವಜಾ ಮಾಡುತ್ತೀರಿ ಎಂದು ಕೇಳಿ. ಆದರೆ ಅದೆಲ್ಲ ಮುಂದಿನ ಮಾತು, ಮೊದಲು ಚಾಮುಂಡಿ ಬೆಟ್ಟ ಹತ್ತಿಳಿದ ಆ 17 ಅಂಕಿಗಳನ್ನು ನನಗೆ ಕಳುಹಿಸಿ.